ಸೊಂಟ ನೋವು: ರೈತರು ತಿಳಿಯಬೇಕಾದ ಕೆಲವು ಸಂಗತಿಗಳು



ಎತ್ತಿನ ಹೆಗಲು ಬಾತರೆ ನಾವು ಸುಮ್ಮನಿರುವುದಿಲ್ಲ. ನೊಗ ಇಳಿಸಿ ನೋಡುತ್ತೇವೆ, ಉಜ್ಜುವ ಜಾಗವನ್ನು ಬಡಗಿಯ ಕೈಲಿ ಕೆತ್ತಿಸುತ್ತೇವೆ, ನಾಲ್ಕು ದಿನ ಹಗುರ ಕೆಲಸಕ್ಕೆ ಹೂಡುತ್ತೇವೆ. ಅದೇ ನಮ್ಮ ಸೊಂಟ ಹಿಡಿದರೆ "ವಯಸ್ಸಾತು, ಇನ್ನೇನೈತೆ" ಎಂದು ಹೇಳಿ ಕೈ ಬಿಡುತ್ತೇವೆ. ನೊಗ ಎಲ್ಲಿ ಉಜ್ಜುತ್ತಿದೆ ಎಂದು ನೋಡುವುದೇ ಇಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ನನಗೆ ಗೊತ್ತಿರುವ ಒಬ್ಬ ಹಿರಿಯರಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ಶೇಂಗಾ, ರಾಗಿ, ಮನೆಯ ಹಿಂದೆ ನಾಲ್ಕು ತೆಂಗು. ಒಂದು ಸುಗ್ಗಿಯಲ್ಲಿ ಚೀಲ ಎತ್ತುವಾಗ ಸೊಂಟ ಹಿಡಿಯಿತು. ಪಟ್ಟಣಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಕಾಗದದಲ್ಲಿ 'ಡಿಸ್ಕ್ ಸವೆದಿದೆ' ಎಂದು ಬರೆದಿತ್ತು. ಅವರು ಮನೆಗೆ ಬಂದು ನುಲಿ ಮಂಚದ ಮೇಲೆ ಮಲಗಿದರು. ಮೂರು ತಿಂಗಳು ಏಳಲಿಲ್ಲ. ಮಗ ಹೊಲವನ್ನು ಕೋರಿಗೆ ಕೊಟ್ಟ. ಜೋಡಿ ಎತ್ತು ಸಂತೆಗೆ ಹೋದವು. ನಾನು ಹೋಗಿ ಮಾತನಾಡಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸವೆದದ್ದು ಮತ್ತೆ ಬೆಳೀತೈತೇನಪ್ಪ?"

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ್ದು ಬೇಸಾಯದ ಡಿಪ್ಲೊಮಾ. ಮಣ್ಣು ಸವೆಯುವುದು ಗೊತ್ತು, ಮೂಳೆ ಸವೆಯುವುದು ಗೊತ್ತಿಲ್ಲ. ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬೆನ್ನು ಎಂದರೆ ಒಂದೇ ಕೋಲಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಮೂಳೆಗಳು ಒಂದರ ಮೇಲೊಂದು ಕೂತಿವೆ. ಅವುಗಳ ನಡುವೆ ಇರುವ ಮೆತ್ತೆಗೇ ಡಿಸ್ಕ್ ಎನ್ನುವುದು. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಸರದ ತಿರುಳಿನಂಥ ನೀರು ಹಿಡಿದ ಲೋಳೆ. ವಯಸ್ಸಾದಂತೆ ಈ ಲೋಳೆಯಲ್ಲಿ ನೀರು ಕಡಿಮೆಯಾಗುತ್ತದೆ, ಮೆತ್ತೆ ತೆಳ್ಳಗಾಗುತ್ತದೆ. ಇದು ತಲೆಗೂದಲು ನರೆತ ಹಾಗೆ. ನೋವಿಲ್ಲದವರ ಬೆನ್ನಿನ ಸ್ಕ್ಯಾನಿಂಗುಗಳನ್ನು ಒಟ್ಟು ಮಾಡಿ ನೋಡಿದ ಒಂದು ದೊಡ್ಡ ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿತ್ತು. 20 ವರ್ಷದವರಲ್ಲೇ 100ಕ್ಕೆ 37 ಮಂದಿಗೆ ಡಿಸ್ಕ್ ಸವೆದಿತ್ತು. 50 ವರ್ಷದವರಲ್ಲಿ 80 ಮಂದಿಗೆ. 80 ವರ್ಷದವರಲ್ಲಿ 96 ಮಂದಿಗೆ. ಇವರಾರಿಗೂ ಸೊಂಟ ನೋವಿರಲಿಲ್ಲ ಎಂಬುದನ್ನು ಮರೆಯಬಾರದು.

ಆದಕಾರಣ ಕಾಗದದಲ್ಲಿ 'ಸವೆದಿದೆ' ಎಂದಿದ್ದರೆ ಅದು ನೋವಿನ ಕಾರಣವೆಂದೂ ಅಲ್ಲ, ದುಡಿಮೆ ಮುಗಿಯಿತೆಂದೂ ಅಲ್ಲ. ಹಿರಿಯರ ಪ್ರಶ್ನೆಗೆ ಉತ್ತರ ಇದು: ಸವೆದದ್ದು ಬೆಳೆಯುವುದಿಲ್ಲ, ಆದರೆ ಅದು ಬೆಳೆಯದೆಯೇ ನೋವು ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಪ್ರಪಂಚದಲ್ಲಿ 61 ಕೋಟಿ 90 ಲಕ್ಷ ಜನರಿಗೆ ಸೊಂಟ ನೋವಿತ್ತು. ಅದರಲ್ಲಿ 100ಕ್ಕೆ 90ರಷ್ಟು ನೋವು ಇಂಥ ರೋಗ, ಇಂಥ ಮೂಳೆ ಎಂದು ಬೊಟ್ಟು ಮಾಡಲು ಬಾರದ ನೋವು. ಅಂಥ ನೋವಿನಲ್ಲಿ ದುಡಿಯುವ ರೀತಿ, ಮಲಗಿಬಿಡುವ ಭಯ, ನಿದ್ರೆ, ಮನಸ್ಸಿನ ಚಿಂತೆ ಎಲ್ಲವೂ ಸೇರಿರುತ್ತವೆ.

ಬಾಗಿ ಮಾಡುವ ಕೆಲಸ

ಸ್ವೀಡನ್ ದೇಶದ ಆಲ್ಫ್ ನಾಕೆಮ್ಸನ್ ಎಂಬ ಮೂಳೆ ವೈದ್ಯರು 1960ರ ದಶಕದಲ್ಲಿ ಸೊಂಟದ ಡಿಸ್ಕಿನೊಳಗೆ ಸೂಜಿ ಇಟ್ಟು ಅಲ್ಲಿನ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಅಂಗಾತ ಮಲಗಿದಾಗ 25, ಮುಂದಕ್ಕೆ ಬಾಗಿ ನಿಂತಾಗ 150, ಬಾಗಿ ಕೈಯಲ್ಲಿ ಭಾರ ಹಿಡಿದಾಗ 220. ಆಮೇಲೆ ಬೇರೆಯವರು ಅಳೆದಾಗ ಅಂಕಿಗಳು ಸ್ವಲ್ಪ ಆಚೀಚೆ ಆಗಿವೆ. ಆದರೆ ನಿಂತದ್ದಕ್ಕಿಂತ ಬಾಗಿದ್ದು ಹೆಚ್ಚು, ಬಾಗಿದ್ದಕ್ಕಿಂತ ಬಾಗಿ ಎತ್ತಿದ್ದು ಹೆಚ್ಚು ಎಂಬುದು ಹಾಗೆಯೇ ಇದೆ.

ಬಾಗುವುದೇ ತಪ್ಪಲ್ಲ. ಬೆನ್ನು ಇರುವುದೇ ಬಾಗುವುದಕ್ಕೆ. ಡಿಸ್ಕಿಗೆ ನೇರವಾಗಿ ರಕ್ತ ಹರಿಯುವುದಿಲ್ಲ. ನಾವು ಬಾಗಿ, ಎದ್ದು, ನಡೆದಾಗ ಅದು ಹಿಂಡಿ ಬಿಟ್ಟ ಬಟ್ಟೆಯಂತೆ ಸುತ್ತಲಿನ ಸಾರವನ್ನು ಹೀರುತ್ತದೆ. ತಪ್ಪು ಇರುವುದು ಬಾಗಿದವರು ಬಾಗಿಯೇ ಇರುವುದರಲ್ಲಿ. ಹಿರಿಯೂರು ಕಡೆ ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ನಮ್ಮ ತಾಯಂದಿರನ್ನು ನೋಡಿ. ಬೆಳಿಗ್ಗೆ ಸಾಲು ಹಿಡಿದರೆ ಬುತ್ತಿ ಬಿಚ್ಚುವವರೆಗೆ ತಲೆ ಮೇಲೆತ್ತುವುದಿಲ್ಲ. ಕೈಯಲ್ಲಿರುವ ಕುರ್ಚಿಗೆಯ ಹಿಡಿ ಒಂದು ಗೇಣು. ಗೇಣುದ್ದದ ಹಿಡಿ ಇದ್ದರೆ ನಡು ನೆಲಕ್ಕೆ ಬರಲೇಬೇಕು. ಕುಕ್ಕರಗಾಲಲ್ಲಿ ಕೂತರೆ ಸೊಂಟ ಉಳಿಯುತ್ತದೆ, ಮೊಣಕಾಲು ಹೋಗುತ್ತದೆ.

ಈ ಮೋಟು ಹಿಡಿಯ ಜಗಳ ನಮ್ಮದಷ್ಟೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೊಪ್ಪು ಮತ್ತು ಸಕ್ಕರೆ ಬೀಟ್ ಹೊಲಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಕಾರರು ಸುಮಾರು ಒಂದಡಿ ಹಿಡಿಯ ಗುದ್ದಲಿ ಹಿಡಿದು ದಿನವಿಡೀ ಬಾಗಿ ಕೆಲಸ ಮಾಡುತ್ತಿದ್ದರು. ಅದಕ್ಕೆ ಅವರ ಮಾತಿನಲ್ಲಿ 'ಎಲ್ ಕೊರ್ತಿತೊ', ಅಂದರೆ 'ಮೋಟು' ಎಂದು ಹೆಸರು. ಹಿಡಿ ಉದ್ದ ಮಾಡಿದರೆ ಪೈರು ಕತ್ತರಿಸಿ ಹೋಗುತ್ತದೆ ಎಂದು ಜಮೀನಿನ ಮಾಲೀಕರು ವಾದಿಸಿದರು. ಸೆಬಾಸ್ಟಿಯನ್ ಕಾರ್ಮೋನ ಮೊದಲಾದ ಕೂಲಿಕಾರರು ದಾವೆ ಹೂಡಿದರು. ವೈದ್ಯರು ಬಂದು ಬೆನ್ನು ಹಾಳಾಗುವುದನ್ನು ಸಾಕ್ಷಿ ಹೇಳಿದರು. 1975ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕೂಲಿಕಾರರ ಪರವಾಗಿ ತೀರ್ಪು ಕೊಟ್ಟಿತು, ಅದೇ ವರ್ಷ ಮೋಟು ಗುದ್ದಲಿ ನಿಂತುಹೋಯಿತು. ಸೊಪ್ಪಿನ ಬೇಸಾಯ ನಿಲ್ಲಲಿಲ್ಲ. ಇಂದಿಗೂ ಅಲ್ಲಿ ಬೆಳೆಯುತ್ತಿದ್ದಾರೆ.

ನಮ್ಮಲ್ಲಿ ಉದ್ದ ಹಿಡಿಯ ಕಳೆಗುದ್ದಲಿಯೂ ಉಂಟು, ತಳ್ಳುವ ಸೈಕಲ್ ಎಡೆಕುಂಟೆಯೂ ಉಂಟು. ಆದರೆ ಅವು ಹೊಲಕ್ಕಿಳಿಯಬೇಕಾದರೆ ಸಾಲು ಇರಬೇಕು. ಈರುಳ್ಳಿ ಬೀಜವನ್ನು ಕೈಯಿಂದ ಚೆಲ್ಲಿದ ಹೊಲದಲ್ಲಿ ಯಾವ ಕುಂಟೆಯೂ ನಡೆಯದು, ಕುರ್ಚಿಗೆಯೇ ಗತಿ. ಹೀಗಾಗಿ ಸೊಂಟ ಉಳಿಸುವ ಕೆಲಸ ಕಳೆ ತೆಗೆಯುವ ದಿನ ಶುರುವಾಗುವುದಲ್ಲ, ಬಿತ್ತುವ ದಿನ ಶುರುವಾಗುತ್ತದೆ. ಕೂರಿಗೆಯಿಂದ ಸಾಲು ಹಿಡಿದು ಬಿತ್ತಿ. ಶೇಂಗಾಕ್ಕೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಅಂದರೆ ಒಂದಡಿ ಇದ್ದರೆ ಎತ್ತಿನ ಎಡೆಕುಂಟೆ ಸಲೀಸಾಗಿ ಹೋಗುತ್ತದೆ. ತಳ್ಳುವ ಕುಂಟೆಗೆ ಸಾಲಿನ ಅಂತರಕ್ಕಿಂತ ಮೂರು ಬೆರಳು ಕಿರಿದಾದ ಅಲಗು ಹಾಕಿಸಿ. ಶೇಂಗಾದಲ್ಲಿ ಹೂವು ಬಿಟ್ಟು ಊಡು ನೆಲಕ್ಕಿಳಿಯುವ ಮೊದಲೇ, ಅಂದರೆ ಬಿತ್ತಿದ 40-45 ದಿನದೊಳಗೆ ಎಡೆ ಹೊಡೆಯುವುದನ್ನು ಮುಗಿಸತಕ್ಕದ್ದು. ಆಮೇಲೆ ಮಣ್ಣು ಕದಲಿಸಿದರೆ ಕಾಯಿ ಕಡಿಮೆ. ಸಾಲಿನ ಒಳಗೆ ಗಿಡದ ಬುಡದಲ್ಲಿ ಉಳಿದ ಕಳೆಯನ್ನು ಕೈಯಿಂದಲೇ ಕೀಳಬೇಕಾಗುತ್ತದೆ, ಅದು ನಿಜ. ಆದರೆ ಅದು ಏಳು ದಿನದ ಕೆಲಸವಲ್ಲ, ಎರಡು ದಿನದ್ದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಮೊದಲ ಸಲ ಪ್ರಾತ್ಯಕ್ಷಿಕೆ ಮಾಡಲು ಹೋದಾಗ ಎಲ್ಲರಿಗೂ ಒಂದೇ ಅಳತೆಯ ಹಿಡಿ ಮಾಡಿಸಿಕೊಂಡು ಹೋಗಿದ್ದೆ. ಕುಳ್ಳಗಿದ್ದವರಿಗೆ ಅದು ಗಲ್ಲಕ್ಕೆ ತಾಗಿತು, ಉದ್ದ ಇದ್ದವರು ಅದರಲ್ಲೂ ಬಾಗಿದರು, ನಾನೇ ತೋರಿಸುವ ಭರದಲ್ಲಿ ಅರ್ಧ ಸಾಲು ಈರುಳ್ಳಿ ಕತ್ತರಿಸಿದೆ. "ನಮ್ಮ ಗೇಣು ಹಿಡಿನೇ ವಾಸಿ ಬಿಡಣ್ಣ" ಎಂದು ನಕ್ಕರು. ಹಿಡಿ ಬಳಸುವವರ ಎದೆಮಟ್ಟಕ್ಕೆ ಬರಬೇಕು. ನೆಟ್ಟಗೆ ನಿಂತು ಅಲಗು ನೆಲಕ್ಕೆ ಮುಟ್ಟಬೇಕು. ಅಲಗು ಹರಿತವಿರಬೇಕು. ಮೊಂಡ ಅಲಗಿಗೆ ತೂಕ ಹಾಕಲು ಮತ್ತೆ ಬಾಗುತ್ತೇವೆ. ಕೈ ಕೂರಲು ಎರಡು ದಿನ ಬೇಕು. ಅಲ್ಲಿಯವರೆಗೆ ಅಂಚಿನ ಸಾಲಿನಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು.

ಉದ್ದ ಹಿಡಿ ಸಿಗದ ಕಡೆಯೂ ಮಾಡಬಹುದಾದದ್ದಿದೆ. ಪ್ರತಿ ಸಾಲಿನ ತುದಿಗೆ ಬಂದಾಗ ಎದ್ದು ನಿಂತು, ಎರಡೂ ಕೈ ಸೊಂಟದ ಹಿಂದೆ ಇಟ್ಟು, ನಾಲ್ಕು ಸಲ ಹಿಂದಕ್ಕೆ ಬಾಗಿ. ಅರ್ಧ ನಿಮಿಷ ಸಾಕು. ಕೂಲಿ ಕೊಡುವ ಯಜಮಾನರು ಇದನ್ನು ಕಳ್ಳಾಟವೆಂದು ತಿಳಿಯಬಾರದು. ಕೆಲಸ ಬದಲಾಯಿಸಿ ಕೊಡುವುದೂ ಉಪಾಯವೇ: ಬೆಳಿಗ್ಗೆ ಕಳೆ ತೆಗೆದವರಿಗೆ ಮಧ್ಯಾಹ್ನ ನಿಂತು ಮಾಡುವ ಕೆಲಸ. ಮನೆಯಲ್ಲಿ ಮೋಟು ಪೊರಕೆಗೆ ಒಂದು ಕೋಲು ಕಟ್ಟಿ. ದಿನಕ್ಕೆರಡು ಸಲ ಅಂಗಳ ಗುಡಿಸುವವರ ಸೊಂಟ ಅಷ್ಟರಮಟ್ಟಿಗೆ ಉಳಿಯುತ್ತದೆ. ಇಂಥದ್ದಕ್ಕೆ ಸರ್ಕಾರದ ಸಹಾಯಧನ ಕಾಯಬೇಕಾಗಿಲ್ಲ.

ಭಾರ ಎತ್ತುವುದು

ಯೂರಿಯಾ ಚೀಲ ಮೊದಲು 50 ಕೆಜಿ ಇತ್ತು, 2018ರಿಂದ 45 ಕೆಜಿ ಆಗಿದೆ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದೆಂದು ಸಲಹೆ ಮಾಡಿತು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಬಿಗಿ: ಎಲ್ಲ ಅನುಕೂಲವಿದ್ದಾಗಲೂ ಎರಡು ಕೈಯಿಂದ ಎತ್ತುವ ಭಾರ 23 ಕೆಜಿ. ಹಾಗಾದರೆ ನಮ್ಮ ಯೂರಿಯಾ ಚೀಲ ಇಬ್ಬರ ಭಾರ. ಅಡಿಕೆ ಚೀಲ, ಈರುಳ್ಳಿ ಚೀಲದ ಮಾತು ಬೇಡವೇ ಬೇಡ. ಒಬ್ಬನೇ ಎತ್ತಿ ಹೆಗಲಿಗೆ ಹಾಕಿಕೊಂಡವನನ್ನು ಊರು ಮೆಚ್ಚುತ್ತದೆ, ಆದರೆ ಸೊಂಟ ಹಿಡಿದ ದಿನ ಊರು ಬಂದು ಉಳುವುದಿಲ್ಲ.

ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಒಂದೇ ಭಂಗಿ ಎಲ್ಲರನ್ನೂ ಕಾಯುತ್ತದೆ ಎಂದು ಇಂದಿನ ವೈದ್ಯರು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಭಾರ ಮೈಗೆ ತಾಗಿರಲಿ, ಚಾಚಿದ ಕೈಯಲ್ಲಿ ಹಿಡಿದ ಹತ್ತು ಕೆಜಿ, ಹೊಟ್ಟೆಗೆ ಆನಿಸಿಕೊಂಡ ಹತ್ತು ಕೆಜಿಗಿಂತ ಸೊಂಟಕ್ಕೆ ಬಹಳ ಭಾರ. ಎತ್ತಿ ನಿಂತಲ್ಲೇ ಸೊಂಟ ತಿರುಚಬೇಡಿ, ಕಾಲು ಎತ್ತಿಟ್ಟು ತಿರುಗಿ. ಚೀಲವನ್ನು ನೆಲದಿಂದ ಎತ್ತುವುದಕ್ಕಿಂತ ಮೊಣಕಾಲೆತ್ತರದ ಕಟ್ಟೆಯಿಂದ ಎತ್ತುವುದು ಸುಲಭ; ಕಣದಲ್ಲಿ, ಗಾಡಿ ಪಕ್ಕದಲ್ಲಿ ನಾಲ್ಕು ಕಲ್ಲು ಹಾಕಿ ಅಂಥ ಕಟ್ಟೆ ಮಾಡಿಕೊಳ್ಳಿ. ಬೆನ್ನಿಗೆ ಹೊರುವ 16 ಲೀಟರಿನ ಔಷಧಿ ಸ್ಪ್ರೇಯರ್ ತುಂಬಿದರೆ 20 ಕೆಜಿಯ ಹತ್ತಿರ ಬರುತ್ತದೆ. ಅದನ್ನೂ ಕಟ್ಟೆಯ ಮೇಲಿಟ್ಟೇ ಹೆಗಲಿಗೆ ಏರಿಸಿಕೊಳ್ಳುವುದು, ಇಳಿಸುವುದು.

ಬೆಳಗಿನ ಜಾವದ ವಿಷಯ ಒಂದಿದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಿರುತ್ತೇವೆ. ಉಬ್ಬಿದ ಹೊತ್ತಿನಲ್ಲಿ ಹೆಚ್ಚು ಬಾಗಿದರೆ ಅವುಗಳಿಗೆ ಬಿಗಿ ಹೆಚ್ಚು. ನೋವಿರುವವರು ಎದ್ದ ಮೊದಲ ಒಂದೆರಡು ಗಂಟೆ ಬಾಗುವುದನ್ನು ಕಡಿಮೆ ಮಾಡಿದರೆ ಗುಣ ಕಾಣುತ್ತದೆಂದು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದೆ. ಎದ್ದ ಕೂಡಲೇ ಸಗಣಿ ಬುಟ್ಟಿಗೆ ಕೈ ಹಾಕುವ ಬದಲು, ದನಗಳಿಗೆ ಮೇವು ಹಾಕಿ, ಊರಾಚೆ ಒಂದು ಸುತ್ತು ನಡೆದು ಬಂದು, ಆಮೇಲೆ ಕೊಟ್ಟಿಗೆ ಗುಡಿಸಬಹುದು.

ಹಿಡಿದ ಮೇಲೆ ಏನು ಮಾಡಬೇಕು?

ಒಂದೆರಡು ದಿನ ಹಗುರವಾಗಿರಿ, ಬಿಸಿ ನೀರಿನ ಶಾಖ ಕೊಡಿ, ಆಮೇಲೆ ಎದ್ದು ನಡೆಯಿರಿ. ಹೆಚ್ಚು ದಿನ ಮಲಗಿದಷ್ಟೂ ಬೆನ್ನಿನ ಮಾಂಸಖಂಡ ಸೊರಗಿ ನೋವು ಬೇರೂರುತ್ತದೆ. ಮೂರು ತಿಂಗಳು ದಾಟಿದ ನೋವನ್ನು ಹಳೆಯ ನೋವು ಎನ್ನುತ್ತಾರೆ. ಅಂಥ ನೋವಿಗೆ 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸಲಹೆಯಲ್ಲಿ ವ್ಯಾಯಾಮ, ತಿಳುವಳಿಕೆ ಕೊಡುವುದು, ಮಾಲೀಸು ಮುಂತಾದವು ಇವೆ. ಸೊಂಟಕ್ಕೆ ಬೆಲ್ಟ್ ಕಟ್ಟುವುದು, ತೂಕ ಕಟ್ಟಿ ಎಳೆಯುವುದು ಬೇಡವೆಂದೇ ಅದರಲ್ಲಿದೆ. ಆದರೂ ಸಂತೆಯಲ್ಲಿ ಬೆಲ್ಟ್ ಕೊಂಡು ತರುವುದು ನಿಂತಿಲ್ಲ.

ನಡಿಗೆಯ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಸೊಂಟ ನೋವು ಬಂದು ವಾಸಿಯಾಗಿದ್ದ 701 ಜನರಲ್ಲಿ ಅರ್ಧದಷ್ಟು ಜನರಿಗೆ ನಡೆಯುವುದನ್ನು ಹಂತ ಹಂತವಾಗಿ ಕಲಿಸಿದರು. ಆರು ತಿಂಗಳೊಳಗೆ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವಂತಾಗಬೇಕೆಂಬುದು ಗುರಿ. ನಡೆದವರಿಗೆ ನೋವು ಮರಳಲು ಸಾಮಾನ್ಯವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ನಾವು ದಿನವೂ ಹೊಲಕ್ಕೆ ನಡೆಯುತ್ತಿದ್ದ ಕಾಲವಿತ್ತು. ಈಗ ಅರ್ಧ ಮೈಲಿಗೂ ಬೈಕು. ಬೈಕಿನಲ್ಲಿ ಹೋಗಿ ಇಳಿದ ಕೂಡಲೇ ಬಾಗುವುದು, ಬೈಕಿನಲ್ಲೇ ಮನೆಗೆ ಬರುವುದು.

ಮಲಗಲು ಬರೀ ನೆಲ, ಹಲಗೆ ಬೇಕೆಂಬುದೂ ಸರಿಯಲ್ಲ. 2003ರಲ್ಲಿ ಸ್ಪೇನಿನ ವೈದ್ಯರು ಹೋಲಿಸಿ ನೋಡಿದಾಗ, ಬಹಳ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರ ನೋವು ಹೆಚ್ಚು ಇಳಿದಿತ್ತು. ನುಲಿ ಜೋತ ಮಂಚವಿದ್ದರೆ ಬಿಗಿಯಾಗಿ ಹೆಣೆಸಿಕೊಳ್ಳಿ. ಮೇಲೆ ಎರಡು ಕಂಬಳಿ ಸಾಕು.

ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಹೆಸರು ಚೀಟಿ ಇಲ್ಲದ ಪುಡಿ ಪೊಟ್ಟಣಗಳ ವಿಷಯದಲ್ಲಂತೂ ಎಚ್ಚರವಿರಲಿ. ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪತ್ತೆಯಾಗಿದ್ದುಂಟು. ತಿಂದ ದಿನ ನೋವು ಮಾಯ, ವರ್ಷ ಕಳೆದರೆ ಮೂಳೆಯೇ ಟೊಳ್ಳು.

ನೀರಿನಿಂದ ಬರುವ ಬಿಗಿತ

ನಮ್ಮ ಜಿಲ್ಲೆಯ ಓದುಗರು ಈ ಭಾಗವನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಲ್ಲಿನ ಪದರದಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿಗೆ ಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ, ದೊಡ್ಡವರ ಬೆನ್ನುಮೂಳೆಯ ಕಟ್ಟುಗಳಲ್ಲಿ ಸುಣ್ಣ ಕೂಡಿ ಬೆನ್ನು ಬಿಗಿಯುತ್ತದೆ. ನಮ್ಮ ದೇಶದಲ್ಲಿ ಇದನ್ನು ಮೊದಲು ವೈದ್ಯರು ವಿವರಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದಲ್ಲಿ.

ದುಡಿಮೆಯ ನೋವು ಹೆಚ್ಚಾಗಿ ಬಂದು ಹೋಗುತ್ತದೆ. ನೀರಿನ ಬಿಗಿತ ವರ್ಷದಿಂದ ವರ್ಷಕ್ಕೆ ಏರುತ್ತದೆ. ಗಲ್ಲ ಎದೆಗೆ ತಾಗುವುದಿಲ್ಲ, ನೆಲಕ್ಕೆ ಬಿದ್ದ ನಾಣ್ಯವನ್ನು ಮಂಡಿ ಮಡಿಸದೆ ಎತ್ತಲಾಗುವುದಿಲ್ಲ, ಎರಡೂ ಕೈ ತಲೆಯ ಹಿಂದೆ ಹೋಗುವುದಿಲ್ಲ. ಒಂದೇ ಬಾವಿಯ ನೀರು ಕುಡಿಯುವ ಮೂರು ನಾಲ್ಕು ಮನೆಯವರಿಗೆ ಹೀಗಾಗಿದ್ದರೆ 'ಮುಪ್ಪು' ಎನ್ನುವ ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯನ್ನು ಕೇಳಿದರೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕಳಿಸಿಕೊಡುತ್ತಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರು, ವಾಣಿವಿಲಾಸ ಸಾಗರದಿಂದ ಕೊಳವೆಯಲ್ಲಿ ಬರುವ ಕಡೆ ಆ ನೀರು, ಶುಚಿಯಾಗಿ ಹಿಡಿದಿಟ್ಟ ಮಳೆ ನೀರು, ಇವನ್ನು ಕುಡಿಯಲೂ ಅಡುಗೆಗೂ ಬಳಸಬೇಕು. ಅಡುಗೆಗೆ ಕೊಳವೆ ಬಾವಿ ನೀರನ್ನೇ ಹಾಕುವ ಮನೆಗಳು ಬಹಳ ಇವೆ. ಬಿಗಿದ ಬೆನ್ನು ಪೂರ್ತಿ ಸಡಿಲವಾಗುವುದಿಲ್ಲ, ಆದರೆ ಮಕ್ಕಳದು ಉಳಿಯುತ್ತದೆ.

ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಮೂಳೆ ಬೇಗ ತೆಳುವಾಗುತ್ತದೆ. ಸಣ್ಣ ಕೊಡ ಎತ್ತಿದಾಗಲೇ ಬೆನ್ನಿನಲ್ಲಿ ಚಳುಕು ಹೊಡೆದು, ಬೆನ್ನು ಗೂನಾಗುತ್ತ ಬಂದರೆ ಮೂಳೆ ಕುಸಿದಿರಬಹುದು, ವೈದ್ಯರಿಗೆ ತೋರಿಸಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಮುದ್ದೆ ಬಿಟ್ಟು ಬರೀ ಅನ್ನಕ್ಕೆ ಬಿದ್ದ ಮನೆಗಳು ಇದನ್ನು ಯೋಚಿಸಲಿ.

ಇನ್ನು ಕಾಯಬಾರದ ಲಕ್ಷಣಗಳು. ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಯ ಸಂದು ಜೋಮು ಹಿಡಿದರೆ, ಕಾಲು ಸೋತು ಎಳೆಯುವಂತಾದರೆ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಸೊಂಟ ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ವಾಸಿಯಾಗುತ್ತದೆ. ಕುರಿ, ಮೇಕೆ ಸಾಕುವವರಿಗೆ ಬಂದು ಬಂದು ಹೋಗುವ ಜ್ವರದೊಡನೆ ಸೊಂಟ ನೋವಿದ್ದರೆ, ಕುರಿ ಕಂದು ಹಾಕುತ್ತಿದೆಯೇ, ಹಸಿ ಹಾಲು ಕುಡಿಯುತ್ತಿದ್ದೀರಾ ಎಂಬುದನ್ನು ವೈದ್ಯರಿಗೆ ಹೇಳಿ. ಪ್ರಾಣಿಗಳಿಂದ ಬರುವ ಬ್ರುಸೆಲ್ಲಾ ರೋಗ ಹೀಗೆ ಕಾಣಿಸಿಕೊಳ್ಳುತ್ತದೆ.

ಹೊಸದುರ್ಗದ ಹಿರಿಯರಿಗೆ ಇವುಗಳಲ್ಲಿ ಯಾವುದೂ ಇರಲಿಲ್ಲ. ಮೊದಲ ವಾರ ಅಂಗಳದಲ್ಲಿ ನಡೆದರು, ಆಮೇಲೆ ಬೇಲಿಯವರೆಗೆ, ಎರಡು ತಿಂಗಳ ಮೇಲೆ ಹೊಲದವರೆಗೆ. ನೋವು ಪೂರ್ತಿ ಹೋಗಿಲ್ಲ. ಮೋಡ ಮುಸುಕಿದ ದಿನ ಹೆಚ್ಚು ಎನ್ನುತ್ತಾರೆ. ಹೊಲವನ್ನು ಕೋರಿಯಿಂದ ಬಿಡಿಸಿಕೊಂಡಿದ್ದಾರೆ, ಚೀಲಕ್ಕೆ ಕೈ ಹಾಕುವುದಿಲ್ಲ. ಎತ್ತು ಮತ್ತೆ ಕೊಂಡಿಲ್ಲ. ಕಳೆದ ಸಲ ಹೋದಾಗ ಹಟ್ಟಿಯ ಮುಂದೆ ಕೂತು ಬಿದಿರು ಗಳವೊಂದನ್ನು ಹೆರೆಯುತ್ತಿದ್ದರು. ಏನಜ್ಜ ಇದು ಎಂದರೆ, "ನಮ್ಮಾಕಿ ಕುರ್ಚಿಗೆಗೆ ಕಣಪ್ಪ, ಎದಿಮಟ್ಟ ಬರ್ಬೇಕು ಅಂದಿದ್ದೆಲ್ಲ" ಎಂದು ಒಳಗಿದ್ದವರನ್ನು ಕರೆದು, ಗಳವನ್ನು ಪಕ್ಕಕ್ಕೆ ನಿಲ್ಲಿಸಿ ಅಳತೆ ನೋಡಿದರು.